ಡಿಸೆಂಬರ್‌ನಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಹೊರಟಿದ್ದೀರಾ? ಜಾಕೆಟ್ ಮರೆಯಬೇಡಿ

ಉಮ್ರಾ ಮುಗಿಸಿ ಈಜಿಪ್ಟ್‌ಗೂ ಝಿಯಾರತ್ ಹೋಗಿ ಬರುವವರು ನಮ್ಮಲ್ಲಿದ್ದಾರೆ. ಗಲ್ಫ್‌ನಲ್ಲಿರುವ ಮಕ್ಕಳು ವರ್ಷಾಂತ್ಯದ ರಜೆಯಲ್ಲಿ ಉಪ್ಪ, ಉಮ್ಮನನ್ನು ಕರೆದುಕೊಂಡು ಹೋಗುವುದೂ ಉಂಟು. ಈಜಿಪ್ಟ್ ಎಂದರೆ ಮರುಭೂಮಿ, ಮರುಭೂಮಿ ಎಂದರೆ ಸೆಕೆ ಎಂಬ ಲೆಕ್ಕದಲ್ಲಿ ತೆಳು ಬಟ್ಟೆ ತುಂಬಿಸಿಕೊಂಡು ಹೊರಟರೆ, ಅಲೆಕ್ಸಾಂಡ್ರಿಯಾದಲ್ಲಿ ಮೊದಲ ರಾತ್ರಿಯೇ ನಡುಗಬೇಕಾದೀತು.

ಜನವರಿಯಲ್ಲಿ ಅಲ್ಲಿ ಹಗಲು ಸುಮಾರು 18 ಡಿಗ್ರಿ, ರಾತ್ರಿ 9ರ ಆಸುಪಾಸು. ಅದೇ ಹೊತ್ತಿಗೆ ಮಂಗಳೂರು, ಕಾಸರಗೋಡಿನಲ್ಲಿ ನಾವು ಮಧ್ಯಾಹ್ನ 32 ಡಿಗ್ರಿಯಲ್ಲಿ ಫ್ಯಾನ್ ಹಾಕಿ ಕೂತಿರುತ್ತೇವೆ. 18 ಏನು ಮಹಾ ಅನಿಸಬಹುದು. ಆದರೆ ಸಮುದ್ರದ ಒದ್ದೆ ಗಾಳಿ ಸೇರಿದರೆ ಚಳಿ ಎಲುಬಿಗೆ ಇಳಿಯುತ್ತದೆ. ಹಳೆಯ ಕಟ್ಟಡಗಳಲ್ಲಿ ಹೀಟರ್ ಇರುತ್ತದೆಂಬ ಖಾತ್ರಿಯೂ ಇಲ್ಲ. ರೂಮ್ ಬುಕ್ ಮಾಡುವಾಗಲೇ ಕೇಳಿಬಿಡಿ, ಪ್ರಾಯದವರು ಜೊತೆಗಿದ್ದರೆ ಖಂಡಿತ ಕೇಳಿ.

ಮಳೆಯ ಲೆಕ್ಕವೂ ನಮಗೆ ತಲೆಕೆಳಗು. ಬೇಸಿಗೆಯಲ್ಲಿ ಅಲ್ಲಿ ಹನಿ ಬೀಳುವುದೇ ಅಪರೂಪ. ಚಳಿಗಾಲದಲ್ಲಿ ಪಶ್ಚಿಮದ ಗಾಳಿ ದಕ್ಷಿಣಕ್ಕೆ ಸರಿಯುತ್ತದೆ, ಮೆಡಿಟರೇನಿಯನ್ ಮೇಲೆ ವಾಯುಭಾರ ಕುಸಿತಗಳು ಒಂದರ ಹಿಂದೆ ಒಂದು ಬರುತ್ತವೆ. ವರ್ಷಕ್ಕೆ ಬೀಳುವ ಸುಮಾರು 200 ಮಿ.ಮೀ. ಮಳೆಯಲ್ಲಿ ಹೆಚ್ಚಿನ ಪಾಲು ನವೆಂಬರ್‌ನಿಂದ ಫೆಬ್ರವರಿಯ ಒಳಗೇ ಮುಗಿಯುತ್ತದೆ. ನಮ್ಮ ಕರಾವಳಿಯ 3,000 ಮಿ.ಮೀ. ಮೀರುವ ಮಳೆಯ ಮುಂದೆ ಇದು ಏನೂ ಅಲ್ಲ, ನಿಜ. ಆದರೆ ಒಂದೇ ಸಲ ಸುರಿದರೆ ಆ ನಗರದ ಚರಂಡಿಗಳು ತಡೆದುಕೊಳ್ಳುವುದಿಲ್ಲ. 2015ರ ಅಕ್ಟೋಬರ್‌ನಲ್ಲಿ ಹಾಗೆ ಸುರಿದಾಗ ರಸ್ತೆಗಳೆಲ್ಲ ಮುಳುಗಿ, ಜೀವಹಾನಿಯಾಗಿ, ಗವರ್ನರ್ ರಾಜೀನಾಮೆ ಕೊಡಬೇಕಾಯಿತು.

ಅಲ್ಲಿನ ಮೀನುಗಾರರು ಈ ಬಿರುಗಾಳಿ ಮಳೆಗೆ 'ನವ್ವಾ' ಎನ್ನುತ್ತಾರೆ. ನಮ್ಮ ಹಿರಿಯರು ಆರಿದ್ರಾ, ಪುನರ್ವಸು ಎಂದು ಮಳೆ ಲೆಕ್ಕ ಇಟ್ಟಂತೆ ಅವರೂ ಪ್ರತಿ ನವ್ವಾಕ್ಕೆ ಹೆಸರು, ತಾರೀಕು ಇಟ್ಟಿದ್ದಾರೆ. ನವೆಂಬರ್ ಮಧ್ಯದ್ದು 'ಮಕ್ನಸಾ', ಅಂದರೆ ಪೊರಕೆ, ಬೀದಿ ಗುಡಿಸಿ ಹೋಗುವಂಥದ್ದು. ಡಿಸೆಂಬರ್ ಮೊದಲ ವಾರ 'ಕಾಸಿಮ್', ಜನವರಿ 12ರ ಸುಮಾರಿಗೆ ದೊಡ್ಡ 'ಫೈಳಾ', ಮಾರ್ಚ್‌ನಲ್ಲಿ 'ಹುಸೂಮ್'. ಒಂದೆರಡು ದಿನ ಹಿಂದೆ ಮುಂದೆ ಆಗುತ್ತದೆ, ಕೆಲವು ವರ್ಷ ಬಾರದೆಯೂ ಇರುತ್ತದೆ. ಬಂದಾಗ ಮಾತ್ರ ಬಂದರು ಮುಚ್ಚುತ್ತಾರೆ, ಅಲೆಗಳು ಗೋಡೆ ಹಾರಿ ಕಾರ್ನಿಶ್ ರಸ್ತೆಗೇ ಬರುತ್ತವೆ. ರೀಲ್ಸ್ ಮಾಡಲು ಆ ಗೋಡೆಯ ಮೇಲೆ ಹತ್ತಬೇಡಿ. ಸಮುದ್ರಕ್ಕೆ ಇಳಿಯುವ ಮಾತಂತೂ ಬೇಡವೇ ಬೇಡ.

ಎರಡು ನವ್ವಾಗಳ ನಡುವೆ ಚೆನ್ನಾದ ಬಿಸಿಲಿನ ದಿನಗಳೂ ಸಿಗುತ್ತವೆ, ಬೇಸಿಗೆಯ ನೂಕುನುಗ್ಗಲೂ ಇರುವುದಿಲ್ಲ. ಅಬುಲ್ ಅಬ್ಬಾಸ್ ಮುರ್ಸಿ ಮಸೀದಿ, ಅದರ ಹತ್ತಿರವೇ ನಾವು ಮಜ್ಲಿಸ್‌ಗಳಲ್ಲಿ ಓದುವ ಬುರ್ದಾದ ಕವಿ ಇಮಾಂ ಬೂಸೀರಿಯವರ ಮಖ್ಬರ, ಖೈತ್‌ಬೇ ಕೋಟೆ ಇವನ್ನು ಅಂಥ ದಿನಕ್ಕೆ ಇಟ್ಟುಕೊಳ್ಳಿ. ಕೋಟೆ ಸಮುದ್ರಕ್ಕೆ ಚಾಚಿದ ತುದಿಯಲ್ಲಿದೆ, ಗಾಳಿ ಜೋರು. ಮಳೆ ಬಂದ ದಿನಕ್ಕೆ 2002ರಲ್ಲಿ ತೆರೆದ ಬೃಹತ್ ಗ್ರಂಥಾಲಯ ಇದೆ. ಡಿಸೆಂಬರ್‌ನಲ್ಲಿ ಮಗ್ರಿಬ್ ಐದು ಗಂಟೆಗೇ ಆಗಿಬಿಡುವುದರಿಂದ ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು.

ಛತ್ರಿಗಿಂತ ಟೋಪಿಯಿರುವ ರೈನ್ ಜಾಕೆಟ್ ಉಪಯೋಗಕ್ಕೆ ಬರುತ್ತದೆ, ಆ ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ಸುಬಹಿಗೆ ತಣ್ಣೀರಲ್ಲಿ ವುಳೂ ಕಷ್ಟ ಎನ್ನುವ ಹಿರಿಯರಿಗೆ ಖುಫ್ಫ್ ಕೊಡಿಸಿ. ಮುಸಾಫಿರ್‌ಗೆ 3 ಹಗಲು 3 ರಾತ್ರಿ ಅದರ ಮೇಲೆ ಸವರಲು ಅವಕಾಶವಿದೆ. ಸಾದಾ ತೆಳು ಸಾಕ್ಸ್ ಆಗುವುದಿಲ್ಲ, ಷರತ್ತುಗಳನ್ನು ಊರಿನ ಉಸ್ತಾದರಲ್ಲಿ ಕೇಳಿಕೊಂಡೇ ಹೊರಡಿ.

ಇನ್ನು ವಾಪಸ್ ಬರುವ ವಿಷಯ. ಕೈರೋಗೆ 200 ಕಿ.ಮೀ.ಗಿಂತ ಹೆಚ್ಚು ದಾರಿ. ಚಳಿಗಾಲದ ಬೆಳಿಗ್ಗೆ ಡೆಸರ್ಟ್ ರೋಡ್‌ನಲ್ಲಿ ಮಂಜು ಕವಿದು ಪೊಲೀಸರು ರಸ್ತೆ ಮುಚ್ಚುವುದುಂಟು. ಬೆಳಗಿನ ವಿಮಾನವಾದರೆ ಹಿಂದಿನ ದಿನವೇ ಕೈರೋ ಸೇರಿಕೊಳ್ಳಿ.