ಕೊಟ್ಟೂರಿನ ಡಾಕ್ಟರ್ ಮುತ್ತಜ್ಜನ ದಾಖಲೆ ಎಲ್ಲಿ?

ನೂರೈವತ್ತು ವರ್ಷದ ಹಿಂದೆ ನಿಮ್ಮ ಮುತ್ತಜ್ಜ ಡಾಕ್ಟರ್ ಆಗಿದ್ದರಂತೆ. ಊರು ಕೊಟ್ಟೂರು. ಹುಡುಕೋದು ಎಲ್ಲಿಂದ?

ಬೆಂಗಳೂರು, ಮೈಸೂರು ಆಮೇಲೆ. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಆಗ ಬಳ್ಳಾರಿ ಜಿಲ್ಲೆ, ಅಂದರೆ ಮದ್ರಾಸ್ ಪ್ರಾಂತ್ಯ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದೇ 1953ರ ಅಕ್ಟೋಬರ್ 1ಕ್ಕೆ! ಹಾಗಾಗಿ ದಾರಿ ಚೆನ್ನೈಗೆ. ಅಲ್ಲಿ 1835ರಲ್ಲಿ ಶುರುವಾದ ಮೆಡಿಕಲ್ ಸ್ಕೂಲು 1850ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಾಯಿತು.

ಒಂದು ಅನುಮಾನ ಮಾತ್ರ ಜೊತೆಗಿರಲಿ. ಜನ 'ಡಾಕ್ಟ್ರು' ಅಂದವರೆಲ್ಲ ಪದವೀಧರರಲ್ಲ. ಹಾಸ್ಪಿಟಲ್ ಅಸಿಸ್ಟೆಂಟ್, ಡ್ರೆಸ್ಸರ್, ಸಿಡುಬಿಗೆ ದೇವಿ ಹಾಕುವ ವ್ಯಾಕ್ಸಿನೇಟರ್ ಕೂಡ ಹಳ್ಳಿಗೆ ಡಾಕ್ಟರೇ. ನನ್ನ ಕೇಳಿದರೆ, ಹಳ್ಳಿ ದಾರಿಯ ಧೂಳು ಹೆಚ್ಚು ಕುಡಿದವರು ಇವರೇ.

ಪದವಿ ಇದ್ದರೆ ಮದ್ರಾಸ್ ವಿಶ್ವವಿದ್ಯಾಲಯದ ಹಳೇ ಕ್ಯಾಲೆಂಡರ್ ಪುಸ್ತಕ ತೆಗೆಯಿರಿ, ಎಲ್.ಎಂ.ಎಸ್., ಎಂ.ಬಿ. ಪಾಸಾದವರ ಪಟ್ಟಿ ಅದರಲ್ಲಿದೆ. ಸರ್ಕಾರಿ ನೌಕರಿಯೇ? ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್‌ನಲ್ಲಿ ನೇಮಕ, ವರ್ಗಾವಣೆ ನೋಡಿ. ಹಳೇ ಸರ್ಕಾರಿ ಕಡತಗಳಿಗೆ ಎಗ್ಮೋರಿನ ತಮಿಳುನಾಡು ಪತ್ರಾಗಾರ. ಅಲ್ಲಿ 1876–78ರ ಬರಗಾಲದ ಕಡತ ಬಿಡಲೇಬೇಡಿ. ಆ ಬರದಲ್ಲಿ ಬಳ್ಳಾರಿ ಸೀಮೆ ನಲುಗಿತ್ತು, ಗಂಜಿ ಕೇಂದ್ರಗಳಿಗೆ ವೈದ್ಯ ಸಿಬ್ಬಂದಿ ಬೇಕಿತ್ತು. ಮನೆತನದ ಹೆಸರಲ್ಲಿ ಸಿಗದಿದ್ದರೆ ತಂದೆಯ ಹೆಸರು, ಊರಿನ ಹೆಸರು ಹಿಡಿದು ಹುಡುಕಿ. ಇಂಗ್ಲಿಷ್ ಕಾಗುಣಿತವಂತೂ ಬರೆದವರ ಇಷ್ಟ.

ಮುತ್ತಜ್ಜ ದೀರ್ಘಾಯುಷಿಯೇ? ಹಾಗಾದರೆ ಇನ್ನೊಂದು ಬಾಗಿಲಿದೆ: 1914ರಲ್ಲಿ ಮದ್ರಾಸ್ ವೈದ್ಯ ನೋಂದಣಿ ಕಾಯ್ದೆ ಬಂತು. ಆಮೇಲಿನ ರಿಜಿಸ್ಟರ್ ಕೇಳಿ ನೋಡಿ.