ವಾರಾಂತ್ಯದ ಚಾರಣ: ದಂಪತಿಗಳು ಹಾಗೂ ಸಣ್ಣ ತಂಡಗಳಿಗೆ ಮಾಹಿತಿ

ಬೆಂಗಳೂರು ನಗರದಿಂದ ಸುಮಾರು 60 ಕಿ.ಮೀ. ಅಂತರದೊಳಗೆ ಸಾವನದುರ್ಗ, ಮಾಕಳಿದುರ್ಗ, ಸ್ಕಂದಗಿರಿ ಮುಂತಾದ ಅನೇಕ ಗಿರಿದುರ್ಗಗಳಿವೆ. ವಾರವಿಡೀ ಕೆಲಸದಲ್ಲಿ ನಿರತರಾಗಿರುವ ಪತಿ-ಪತ್ನಿಯರು ಭಾನುವಾರದ ಅರ್ಧ ದಿನವನ್ನು ಇಂತಹ ಬೆಟ್ಟಗಳಲ್ಲಿ ಕಳೆಯುವುದು ಇತ್ತೀಚೆಗೆ ಸಾಮಾನ್ಯವಾಗಿದೆ. ಈ ಬೆಟ್ಟಗಳ ಬಹುಭಾಗ ಅರಣ್ಯ ಪ್ರದೇಶಕ್ಕೆ ಸೇರಿದೆ. ಆದ್ದರಿಂದ ಹೊರಡುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಅನುಮತಿ ಏಕೆ ಅಗತ್ಯ?

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಯ ಸಮಯದಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಒಮ್ಮೆಲೇ ಬಂದರು. ಕಿರಿದಾದ ಕಾಡುದಾರಿಯಲ್ಲಿ ಅಷ್ಟು ಜನರ ಸುರಕ್ಷತೆಯನ್ನಾಗಲೀ, ಅವರು ಬಿಟ್ಟುಹೋಗುವ ತ್ಯಾಜ್ಯವನ್ನಾಗಲೀ ನಿಭಾಯಿಸುವುದು ಸಾಧ್ಯವಿರಲಿಲ್ಲ. ಇದಾದ ನಂತರ, ಆನ್‌ಲೈನ್ ಮುಂಗಡ ಕಾಯ್ದಿರಿಸುವಿಕೆ ಇಲ್ಲದ ಚಾರಣಪಥಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. 2024ರ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಆರಂಭಗೊಂಡು, ಒಂದು ಪಥಕ್ಕೆ ದಿನಕ್ಕೆ 300 ಜನರ ಮಿತಿಯನ್ನು ನಿಗದಿಪಡಿಸಲಾಯಿತು.

ಅರ್ಜಿ ಸಲ್ಲಿಸುವ ಕ್ರಮ

1. ಜಾಲತಾಣದಲ್ಲಿ ಮೊಬೈಲ್ ಸಂಖ್ಯೆಯೊಂದಿಗೆ ನೋಂದಾಯಿಸಿಕೊಂಡು ಪಥ ಮತ್ತು ದಿನಾಂಕವನ್ನು ಆರಿಸಿಕೊಳ್ಳತಕ್ಕದ್ದು.
2. ದಂಪತಿಗಳಲ್ಲಿ ಒಬ್ಬರೇ ಇಬ್ಬರ ಪರವಾಗಿ ಕಾಯ್ದಿರಿಸಬಹುದು. ಆದರೆ ಇಬ್ಬರ ಹೆಸರು ಹಾಗೂ ಗುರುತಿನ ಚೀಟಿಯ ವಿವರಗಳನ್ನೂ ನಮೂದಿಸತಕ್ಕದ್ದು.
3. ಶುಲ್ಕ ಪಾವತಿಸಿ, ಅನುಮತಿ ಪತ್ರವನ್ನು ಮುದ್ರಿಸಿಕೊಳ್ಳುವುದು ಅಥವಾ ಮೊಬೈಲ್‌ನಲ್ಲಿ ಉಳಿಸಿಕೊಳ್ಳುವುದು. ಮೂಲ ಗುರುತಿನ ಚೀಟಿಯನ್ನು ಜೊತೆಗೆ ತರುವುದು.

ಶನಿವಾರ ರಾತ್ರಿ ನಿರ್ಧರಿಸಿ ಭಾನುವಾರ ಮುಂಜಾನೆ ಹೊರಡುವವರಿಗೆ ಸ್ಥಳಾವಕಾಶ ದೊರೆಯದಿರಬಹುದು. ಶನಿವಾರ, ಭಾನುವಾರಗಳ ಸ್ಥಾನಗಳು ಬೇಗ ಭರ್ತಿಯಾಗುವುದರಿಂದ ಕೆಲವು ದಿನಗಳ ಮೊದಲೇ ಕಾಯ್ದಿರಿಸುವುದು ಸೂಕ್ತ. ಅನುಮತಿ ದೊರೆಯದಿದ್ದಲ್ಲಿ ಬೇಲಿ ದಾಟಿ ಅಥವಾ ಹಳ್ಳಿಯ ಹಿಂಬದಿಯ ದಾರಿಯಿಂದ ಪ್ರವೇಶಿಸುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರಡಿ ಕ್ರಮಕ್ಕೆ ಗುರಿಯಾಗಬಹುದು.

ಬೆಟ್ಟಗಳ ಸ್ವರೂಪ

ಸಾವನದುರ್ಗ: ಮಾಗಡಿ ತಾಲ್ಲೂಕಿನಲ್ಲಿದೆ, ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳಿವೆ. ಬುಡದಲ್ಲಿ ವೀರಭದ್ರಸ್ವಾಮಿ ಮತ್ತು ಲಕ್ಷ್ಮೀನರಸಿಂಹಸ್ವಾಮಿ ದೇವಾಲಯಗಳಿವೆ. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಈ ಕೋಟೆಯನ್ನು ವಶಪಡಿಸಿಕೊಂಡಿತು. ದಾರಿಯ ಬಹುಭಾಗ ಬೋಳುಬಂಡೆ, ನೆರಳಿಲ್ಲ. ಮಳೆ ಬಿದ್ದಾಗ ಬಂಡೆಯ ಪಾಚಿ ಜಾರುತ್ತದೆ. ಹತ್ತುವಾಗ ಸುಲಭವೆನಿಸಿದ ಇಳಿಜಾರೇ ಇಳಿಯುವಾಗ ಅಪಾಯಕಾರಿಯಾಗುತ್ತದೆ. ಸುತ್ತಲಿನ ಕಾಡಿನಲ್ಲಿ ಕರಡಿ ಹಾಗೂ ಚಿರತೆಗಳಿವೆ.

ಮಾಕಳಿದುರ್ಗ: ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ರೈಲುಮಾರ್ಗದ ಪಕ್ಕದಲ್ಲಿದೆ. ಹಳಿಗಳ ಮೇಲೆ ನಡೆಯುವುದು, ಛಾಯಾಚಿತ್ರ ತೆಗೆಯಲು ನಿಲ್ಲುವುದು ಪ್ರಾಣಾಪಾಯಕರ. ಹಳಿಗಳ ಮೇಲಿನ ಅಕ್ರಮ ಪ್ರವೇಶವು ರೈಲ್ವೆ ಕಾಯ್ದೆ, 1989ರಡಿ ಅಪರಾಧವೂ ಹೌದು.

ಸ್ಕಂದಗಿರಿ: ಚಿಕ್ಕಬಳ್ಳಾಪುರದ ಸಮೀಪದಲ್ಲಿದೆ; ಕಳವಾರ ಬೆಟ್ಟವೆಂದೂ ಕರೆಯುತ್ತಾರೆ. ಸೂರ್ಯೋದಯ ನೋಡುವ ಆಸೆಯಿಂದ ಕತ್ತಲಲ್ಲೇ ಹತ್ತುವವರು ದಾರಿ ತಪ್ಪುವ ಸಂಭವ ಹೆಚ್ಚು. ಅನುಮತಿ ಪತ್ರದಲ್ಲಿ ಸೂಚಿಸಿದ ವೇಳೆಗೆ ಮುನ್ನ ಪ್ರವೇಶಿಸಬಾರದು.

ಇಬ್ಬರೇ ಹೋಗುವವರು ಗಮನಿಸಬೇಕಾದ ಅಂಶಗಳು

ದೊಡ್ಡ ತಂಡದಲ್ಲಿ ಒಬ್ಬರಿಗೆ ಪೆಟ್ಟಾದರೆ ಒಬ್ಬರು ಬಳಿ ಉಳಿದು, ಇನ್ನೊಬ್ಬರು ಸಹಾಯ ತರಲು ಹೋಗಬಹುದು. ಇಬ್ಬರೇ ಇದ್ದಾಗ ಈ ಅನುಕೂಲವಿಲ್ಲ. ಗಾಯಗೊಂಡವರನ್ನು ಒಂಟಿಯಾಗಿ ಬಿಟ್ಟು ಹೋಗಬೇಕಾಗುತ್ತದೆ, ಇಲ್ಲವೇ ಇಬ್ಬರೂ ಕಾಯಬೇಕಾಗುತ್ತದೆ. ಆದ್ದರಿಂದ:

• ಯಾವ ಬೆಟ್ಟ, ಯಾವ ದಾರಿ, ಎಷ್ಟು ಹೊತ್ತಿಗೆ ಹಿಂತಿರುಗುವಿರಿ ಎಂಬುದನ್ನು ಮನೆಯವರಿಗೆ ಅಥವಾ ನೆರೆಯವರಿಗೆ ತಿಳಿಸಿ ಹೊರಡಿ.
• ಮೊಬೈಲ್ ಅನ್ನು ಪೂರ್ಣ ಚಾರ್ಜ್ ಮಾಡಿಕೊಳ್ಳಿ. ಎಲ್ಲೆಡೆ ಸಂಪರ್ಕ ಸಿಗದು. ಒಂದು ಸೀಟಿಯನ್ನು ಜೊತೆಗಿಟ್ಟುಕೊಳ್ಳಿ.
• ಒಬ್ಬೊಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು ಒಯ್ಯಿರಿ. ಇಬ್ಬರ ನೀರನ್ನು ಒಂದೇ ಚೀಲದಲ್ಲಿ ಇಡಬೇಡಿ.
• ಇಬ್ಬರಲ್ಲಿ ನಿಧಾನವಾಗಿ ನಡೆಯುವವರ ವೇಗವೇ ತಂಡದ ವೇಗವಾಗಿರಲಿ. ಒಬ್ಬರಿಗೆ ಆಯಾಸವಾದರೆ ಇಬ್ಬರೂ ಹಿಂತಿರುಗಿ.
• ಸುಗಂಧದ್ರವ್ಯ ಬಳಸಬೇಡಿ. ಬಂಡೆಗಳಲ್ಲಿರುವ ಹೆಜ್ಜೇನುಗಳನ್ನು ಕೆಣಕಬೇಡಿ.

ನಿಷೇಧಗಳು

ಬೆಂಕಿ ಹಚ್ಚುವುದು, ಧೂಮಪಾನ, ಮದ್ಯಪಾನ ಹಾಗೂ ಪ್ಲಾಸ್ಟಿಕ್ ಎಸೆಯುವುದನ್ನು ನಿಷೇಧಿಸಲಾಗಿದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣಹುಲ್ಲಿಗೆ ಬಿದ್ದ ಒಂದು ಕಿಡಿಯೂ ಇಡೀ ಬೆಟ್ಟವನ್ನು ಸುಡಬಲ್ಲದು. ಕಾಳ್ಗಿಚ್ಚಿನ ಭೀತಿ ಇರುವಾಗ ಅಥವಾ ಭಾರಿ ಮಳೆಯ ಸಮಯದಲ್ಲಿ ಪಥಗಳನ್ನು ಮುಚ್ಚಲಾಗಬಹುದು. ಹೊರಡುವ ಮುನ್ನ ಜಾಲತಾಣವನ್ನು ಮತ್ತೊಮ್ಮೆ ನೋಡಿಕೊಳ್ಳುವುದು.

ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಿ. ಕಾಳ್ಗಿಚ್ಚು ಅಥವಾ ವನ್ಯಪ್ರಾಣಿಗಳ ಕುರಿತು ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ.

ಬೆಟ್ಟವು ಮುಂದಿನ ವಾರವೂ ಅಲ್ಲಿಯೇ ಇರುತ್ತದೆ. ಸಂದೇಹವೆನಿಸಿದಾಗ ಹಿಂತಿರುಗುವ ನಾಗರಿಕರು ತಮ್ಮನ್ನೂ, ಅವರನ್ನು ಹುಡುಕಲು ಹೋಗಬೇಕಾದ ಅರಣ್ಯ ರಕ್ಷಕರನ್ನೂ ಅಪಾಯದಿಂದ ಪಾರುಮಾಡುತ್ತಾರೆ. ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.