ಹಿಂದಿನ ಸಾಲಿನ ಹುಡುಗ ಯಾಕೆ ಗದ್ದಲ ಮಾಡ್ತಾನೆ?

ಶನಿವಾರ ಬೆಳಿಗ್ಗೆ ರಾಯಾಪುರದ ಕಡೆಯ ಒಂದು ಸರಕಾರಿ ಶಾಲೆಗೆ ಗಣಿತ ಹೇಳಿಕೊಡಲು ಹೋಗುವ ನಮ್ಮ ಗುಂಪಿಗೆ ಮೊದಲ ದಿನವೇ ಪಾಠ ಆಯ್ತು. ಆರನೇ ತರಗತಿ. ನಾನು ಬೋರ್ಡಿನ ಮೇಲೆ ಭಿನ್ನರಾಶಿ ಬರೀತಾ ಇದ್ದೆ. ಹಿಂದಿನ ಸಾಲಿನ ಹುಡುಗ ಪಕ್ಕದವನ ಪೆನ್ಸಿಲ್ ಕಸಿದ, ಸೀಮೆಸುಣ್ಣ ಎಸೆದ. ಆಮೇಲೆ ನೀರು ಕುಡಿಯಲು ಹೋದವನು ತಿರುಗಿ ಬರಲೇ ಇಲ್ಲ.

‘ಇವನಿಗೆ ಶಿಸ್ತೇ ಇಲ್ಲ ಮೇಡಂ’ ಅಂತ ದೂರು ಹೇಳಿದೆ. ಶಿಕ್ಷಕಿ ನಕ್ಕರು. ‘ಅವಂಗ ಕಳಿಯೂ ಲೆಕ್ಕಾನ ಬರೂದಿಲ್ಲ, ಭಿನ್ನರಾಶಿ ಎಲ್ಲಿಂದ ಬರಬೇಕು ತಮ್ಮಾ? ತಿಳೀಲಾರದ್ದನ್ನ ಕೇಳ್ಕೋತ ನಲವತ್ತು ನಿಮಿಷ ಸುಮ್ನ ಕುಂಡ್ರಂದ್ರ ನೀನರ ಕುಂಡರ್ತಿ ಏನು?’

ಅವರ ವಾದ ಇಷ್ಟೇ: ಮಕ್ಕಳ ನಡತೆ ಬೇರೆ, ಕಲಿಕೆ ಬೇರೆ ಅಲ್ಲ. ನಮಗಿದು ಹೊಸದೇನಲ್ಲ. ಎಂ-ಒನ್ ಬ್ಯಾಕ್ ಉಳಿಸಿಕೊಂಡು ಎಂ-ತ್ರೀ ಕ್ಲಾಸಿನಲ್ಲಿ ಕೂತಾಗ ನಾವೂ ಕೊನೆಯ ಬೆಂಚಿನಲ್ಲಿ ಮೊಬೈಲ್ ನೋಡ್ತೀವಿ. ಆ ಹುಡುಗನ ಹತ್ತಿರ ಮೊಬೈಲ್ ಇಲ್ಲ, ಸೀಮೆಸುಣ್ಣ ಇದೆ.

ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಕ್ರಮ ನೋಡಿ, ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಶುರುವಾಯಿತು. ಅದರಲ್ಲಿ ಪಾಠಗಳ ಬದಲು ಕಾರ್ಡುಗಳು, ಮೆಟ್ಟಿಲುಗಳಿರುವ ಕಲಿಕಾ ಏಣಿ. ಮಗು ತನ್ನ ವೇಗದಲ್ಲಿ ಹತ್ತುತ್ತದೆ. ಸುಗ್ಗಿಗೆ ಅಪ್ಪ-ಅವ್ವನ ಜೊತೆ ಹದಿನೈದು ದಿನ ಹೋಗಿ ಬಂದರೂ ನಿಂತ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ತಾನು ಹಿಂದೆ ಬಿದ್ದೆ ಅಂತ ನಾಚಬೇಕಿಲ್ಲ. ಮುಂದೆ ರಾಜ್ಯದ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಇದು ಬಂತು.

ತೊಡಕು ನಾಲ್ಕನೇ ತರಗತಿಯಲ್ಲಿ. ಅಲ್ಲಿ ಏಣಿ ಮುಗೀತದೆ, ಎಲ್ಲರಿಗೂ ಒಂದೇ ಪುಸ್ತಕ. ಮೆಟ್ಟಿಲು ಬಾಕಿ ಇದ್ದವರು ಮೆಲ್ಲಗೆ ಹಿಂದಿನ ಸಾಲಿಗೆ ಸರೀತಾರೆ. ಆ ಶಿಕ್ಷಕಿ ಜೂನ್‌ನಲ್ಲಿ ಪಠ್ಯ ಶುರು ಮಾಡೋ ಮೊದಲು ಪ್ರತಿ ಮಗುವಿಗೂ ನಾಲ್ಕು ಸಾಲು ಓದಿಸಿ, ಒಂದು ಕಳೆಯುವ ಲೆಕ್ಕ ಕೊಡ್ತಾರೆ. ಆಮೇಲೆ ದಿನಾ ಅರ್ಧ ತಾಸು, ತರಗತಿ ನೋಡದೆ ಮಟ್ಟ ನೋಡಿ ಗುಂಪು ಮಾಡಿ ಕಲಿಸ್ತಾರೆ.

‘ಹಂಗಾರ ಹೊಡೆಯೋದು?’ ಅಂದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅವರು ಕಾಯ್ದೆ ಮಾತು ತೆಗೆಯಲಿಲ್ಲ. ‘ಬಡಿದ್ರ ಗದ್ಲ ನಿಲ್ತೈತಿ. ಆದ್ರ ಅವಂಗ ಏನ್ ಬರೂದಿಲ್ಲ ಅನ್ನೂದು ನಮಗ ಗೊತ್ತಾಗಂಗಿಲ್ಲ’ ಅಂದರು. ತರಗತಿಯ ನಿಯಮಗಳನ್ನು ಮಕ್ಕಳೇ ಬರೆದು ಗೋಡೆಗೆ ಹಚ್ಚಿದ್ದಾರೆ. ಓಡಿ ಹೋಗುವ ಹುಡುಗನಿಗೆ ಊಟದ ಹೊತ್ತಿಗೆ ಚಿಕ್ಕ ಮಕ್ಕಳನ್ನು ಸಾಲಾಗಿ ಕೂರಿಸುವ ಜವಾಬ್ದಾರಿ ಕೊಟ್ಟಿದ್ದಾರೆ.

ಊಟ ಅಂದ ಮೇಲೆ ರಾಯಾಪುರದ ಅಕ್ಷಯ ಪಾತ್ರೆ ಅಡುಗೆಮನೆಯ ಮಾತು ಬಿಡೋ ಹಾಗಿಲ್ಲ. 2004ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಈ ಕೆಲಸದಿಂದ ಇಂದು ಸುತ್ತಲಿನ ನೂರಾರು ಶಾಲೆಗಳಿಗೆ ಬಿಸಿಯೂಟ ಹೋಗುತ್ತದೆ. ಧಾನ್ಯ ಮೇಲಿನ ಮಹಡಿಯಿಂದ ಕೊಳವೆಯಲ್ಲಿ ತಾನೇ ಇಳಿದು ಬರುವ ವ್ಯವಸ್ಥೆಯನ್ನು ಮೆಕ್ಯಾನಿಕಲ್‌ನವರು ಒಮ್ಮೆ ನೋಡಲೇಬೇಕು. ಹಸಿದ ಹೊಟ್ಟೆಗೆ ಪಾಠ ಹತ್ತೋದಿಲ್ಲ. ಆದರೆ ಶಿಕ್ಷಕಿ ಇನ್ನೊಂದು ಮಾತು ಸೇರಿಸಿದರು: ‘ಊಟ ಹುಡುಗರನ್ನ ಸಾಲಿಗೆ ಕರ್ಕೊಂಡ್ ಬರ್ತೈತಿ. ಕ್ಲಾಸಿನ್ಯಾಗ ಹಿಡಿದಿಡೂದು ನಮ್ಮ ಕೆಲಸ.’

ಇದೆಲ್ಲ ಹೇಳಿದಷ್ಟು ಸಲೀಸಲ್ಲ. ಒಬ್ಬರೇ ಎರಡು ತರಗತಿ ನೋಡಬೇಕಾದಾಗ, ದಾಖಲೆ ತುಂಬುವ ಕೆಲಸ ಮೇಲೆ ಬಿದ್ದಾಗ ಆ ಅರ್ಧ ತಾಸೇ ಮೊದಲು ಹೋಗುತ್ತದೆ. ನಾವು ಕೈ ಜೋಡಿಸಬಹುದಾದ ಜಾಗ ಅದೇ.

ಮುಂದಿನ ಶನಿವಾರ ಆ ಹುಡುಗನ ಪಕ್ಕ ಕೂತೆ. 52ರಲ್ಲಿ 27 ಕಳೆ ಅಂದರೆ 35 ಅಂತ ಬರೆದ. ಎರಡರಲ್ಲಿ ಏಳು ಹೋಗೋದಿಲ್ಲ ಅಂತ ಏಳರಲ್ಲೇ ಎರಡು ಕಳೆದಿದ್ದ. ಅವನು ದಡ್ಡ ಅಲ್ಲ, ಕೋಡ್‌ನಲ್ಲಿ ಒಂದೇ ಒಂದು ಸಾಲು ತಪ್ಪಿತ್ತು. ಕಡ್ಡಿಗಳನ್ನು ಹತ್ತತ್ತರ ಕಟ್ಟು ಮಾಡಿ, ಒಂದು ಕಟ್ಟು ಬಿಚ್ಚಿ ತೋರಿಸಿದೆ. ಮೂರನೇ ಲೆಕ್ಕ ತಾನೇ ಮಾಡಿದ. ಗಂಟೆ ಹೊಡೆಯೋವರೆಗೂ ನೀರು ಕೇಳಲಿಲ್ಲ.

ಭಿನ್ನರಾಶಿ ಇನ್ನೂ ದೂರ ಇದೆ. ನೀವೂ ಶನಿವಾರ ಬರೋದಾದರೆ ಬೋರ್ಡಿನ ಹತ್ತಿರ ಹೋಗೋ ಮೊದಲು ಹಿಂದಿನ ಸಾಲಿಗೆ ಹೋಗಿ, ಒಂದು ಲೆಕ್ಕ ಕೊಟ್ಟು ನೋಡಿ.